ತಂತಿಗೆ ಚುಚ್ಚಿಟ್ಟ ಹಳೆಯ ಕಾರ್ಡುಗಳಿಂದ ಮನೆತನದ ಇತಿಹಾಸ ಕಟ್ಟುವುದು ಹೇಗೆ?

"ಊರ ಮನೆ ಇಳಿಸುವಾಗ ಅಜ್ಜನ ಕಾಲದ ಅಂಚೆ ಕಾರ್ಡುಗಳು ಸಿಕ್ಕಿವೆ. ಇವುಗಳನ್ನು ಏನು ಮಾಡಬೇಕು?" ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಜಂತಿ ಮನೆಗಳು ಒಂದೊಂದಾಗಿ ಆರ್‌ಸಿಸಿ ಮನೆಗಳಾಗುತ್ತಿರುವ ಈ ಹೊತ್ತಿನಲ್ಲಿ ಪ್ರಶ್ನೆ ಹೆಚ್ಚಾಗಿರುವುದು ಸಹಜ. ಬಹಳಷ್ಟು ಜನ ನೇರವಾಗಿ ಒಕ್ಕಣೆ ಓದಲು ಕೂಡುತ್ತಾರೆ. "ನಾವು ಕ್ಷೇಮ, ಮಳೆ ಆಗಿದೆ, ಜೋಳ ಬಿತ್ತಿದ್ದೇವೆ, ಹಣ ಕಳಿಸು" ಎನ್ನುವುದಕ್ಕಿಂತ ಹೆಚ್ಚೇನೂ ಸಿಗದೆ ಬೇಸರಪಟ್ಟು ಕಟ್ಟಿಡುತ್ತಾರೆ. ಕಾರ್ಡನ್ನು ತಿರುಗಿಸಿ ಮೊದಲು ವಿಳಾಸದ ಬದಿಯನ್ನು ಓದಿ ಎಂಬುದು ನನ್ನ ಸಲಹೆ. ಯಾರು, ಯಾವ ಊರಿನಲ್ಲಿ, ಯಾರ ಆಸರೆಯಲ್ಲಿ, ಯಾವ ದಿನ ಇದ್ದರು ಎಂಬುದು ಆ ಬದಿಯಲ್ಲಿರುತ್ತದೆ. ಒಕ್ಕಣೆಯ ಅರ್ಥ ಆಮೇಲೆ ತಾನಾಗಿ ತೆರೆದುಕೊಳ್ಳುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಮೆತ್ತನೆಯ ಒಣ ಬ್ರಷ್, ಭೂತಗನ್ನಡಿ, ಟಾರ್ಚ್ ಇರುವ ಮೊಬೈಲ್, ಸೀಸದ ಪೆನ್ಸಿಲ್, ಉದ್ದನೆಯ ನೋಟ್‌ಬುಕ್, ಕಾರ್ಡಿಗಿಂತ ತುಸು ದೊಡ್ಡ ಕಾಗದದ ಲಕೋಟೆಗಳು. ಸ್ಕ್ಯಾನರ್ ಇದ್ದರೆ ಒಳ್ಳೆಯದು.

ಹಂತ 1: ತಂತಿಯಿಂದ ಬಿಡಿಸುವ ಮೊದಲು

ನಮ್ಮ ಕಡೆಯ ಮನೆಗಳಲ್ಲಿ ಬಂದ ಕಾರ್ಡನ್ನು ಓದಿದ ಮೇಲೆ, ತುದಿ ಬಾಗಿಸಿದ ಕಬ್ಬಿಣದ ತಂತಿಗೆ ಚುಚ್ಚಿ ಜಂತಿಗೆ ನೇತುಹಾಕುವ ರೂಢಿ ಇತ್ತು. ಆದ್ದರಿಂದಲೇ ಹಳೆಯ ಕಾರ್ಡುಗಳ ನಡುವೆ ಒಂದು ತೂತು, ಅದರ ಸುತ್ತ ತುಕ್ಕಿನ ಕಂದು ಉಂಗುರ ಕಾಣುತ್ತದೆ. ಆ ತಂತಿಯೇ ನಿಮ್ಮ ಮೊದಲ ದಾಖಲೆ. ಕೆಳಗಿನ ಕಾರ್ಡು ಎಲ್ಲಕ್ಕಿಂತ ಹಳೆಯದು, ಮೇಲಿನದು ಹೊಸದು. ತಾರೀಖು ಅಳಿಸಿಹೋದ ಕಾರ್ಡಿನ ಕಾಲವನ್ನು ಅದರ ಕೆಳಗೂ ಮೇಲೂ ಇರುವ ಕಾರ್ಡುಗಳಿಂದ ಊಹಿಸಬಹುದು.

ಹಾಗಾಗಿ ಇಡೀ ಗೊಂಚಲಿನ ಫೋಟೋ ತೆಗೆದುಕೊಂಡ ಮೇಲೆಯೇ ಬಿಡಿಸಲು ಕೈಹಾಕಿ. ಒಂದೊಂದೇ ಕಾರ್ಡು ತೆಗೆದು ಲಕೋಟೆಗೆ ಹಾಕುತ್ತ, ಲಕೋಟೆಯ ಮೇಲೆ ಪೆನ್ಸಿಲಿನಿಂದ ಕ್ರಮಸಂಖ್ಯೆ ಬರೆಯಿರಿ. ಕಾರ್ಡಿನ ಮೇಲೆ ಏನನ್ನೂ ಬರೆಯಬೇಡಿ. ತುಕ್ಕು ಹಿಡಿದ ತಂತಿಯನ್ನು ಎಳೆದರೆ ಕಾರ್ಡು ಹರಿಯುತ್ತದೆ. ಕೊಂಡಿಯನ್ನು ಇಕ್ಕಳದಿಂದ ಕತ್ತರಿಸಿ, ಕಾರ್ಡನ್ನು ಮೇಲಕ್ಕೆತ್ತಿ ತೆಗೆಯಿರಿ. ಟ್ರಂಕಿನಲ್ಲಿ ಸಿಕ್ಕ ಕಟ್ಟಿಗೂ ಇದೇ ನಿಯಮ. ಯಾವ ಕಟ್ಟಿನಲ್ಲಿ ಯಾವುದು ಇತ್ತು ಎಂಬುದು ತಪ್ಪಿದರೆ ಮತ್ತೆ ಕೂಡಿಸಲು ಬರುವುದಿಲ್ಲ.

ಹಂತ 2: ಒರೆಸುವುದು, ಚಿತ್ರ ತೆಗೆಯುವುದು

ಧೂಳನ್ನು ಒಣ ಬ್ರಷ್‌ನಿಂದ ಮಾತ್ರ ತೆಗೆಯಬೇಕು. ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ. ಆ ಕಾಲದಲ್ಲಿ ಕಾಪಿಯಿಂಗ್ ಪೆನ್ಸಿಲ್ ಎಂಬುದು ಬಳಕೆಯಲ್ಲಿತ್ತು. ಒಣಗಿದ್ದಾಗ ಸೀಸದ ಪೆನ್ಸಿಲಿನಂತೆಯೇ ಕಾಣುತ್ತದೆ, ನೀರು ತಾಗಿದರೆ ನೇರಳೆ ಬಣ್ಣಕ್ಕೆ ತಿರುಗಿ ಹರಡುತ್ತದೆ. ಬೆವರಿದ ಬೆರಳೂ ಸಾಕು ಅದನ್ನು ಕೆಡಿಸಲು.

ಪ್ರತಿ ಕಾರ್ಡಿನ ಎರಡೂ ಬದಿಯನ್ನು ಬಣ್ಣದಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿ. ಮೊಬೈಲ್ ಆದರೆ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೆಟ್ಟಗೆ ಮೇಲಿನಿಂದ ತೆಗೆಯಿರಿ. ಮುದ್ರೆ ಮಸುಕಾಗಿದ್ದರೆ ಟಾರ್ಚನ್ನು ಕಾರ್ಡಿನ ಅಂಚಿಗೆ ತೀರ ತಗ್ಗಾಗಿ ಹಿಡಿದು ಇನ್ನೊಂದು ಚಿತ್ರ ತೆಗೆಯಿರಿ. ಕಬ್ಬಿಣದ ಮುದ್ರೆ ಬಿದ್ದಲ್ಲಿ ಕಾಗದ ತುಸು ಒಳಸರಿದಿರುತ್ತದೆ. ಶಾಯಿ ಹೋದರೂ ಎಷ್ಟೋ ಸಲ ಆ ತಗ್ಗಿನ ನೆರಳಿನಲ್ಲಿ ಊರಿನ ಹೆಸರು ಎದ್ದು ಕಾಣುತ್ತದೆ. ಕಡತಕ್ಕೆ ಹೆಸರಿಡುವಾಗ ಲಕೋಟೆಯ ಸಂಖ್ಯೆಯನ್ನೇ ಮೊದಲು ಹಾಕಿ: 014-ವಿಳಾಸ, 014-ಒಕ್ಕಣೆ, ಹೀಗೆ.

ಹಂತ 3: ಕಾಲ ನಿರ್ಧರಿಸುವುದು

ಅಂಚೆ ಮುದ್ರೆಯಲ್ಲಿ ತಾರೀಖು ಸ್ಪಷ್ಟವಾಗಿದ್ದರೆ ಈ ಹಂತ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಮೂರು ಕಡೆ ನೋಡಿ.

ಮೊದಲನೆಯದು ಕಾರ್ಡಿನ ಮೇಲೆ ಅಚ್ಚಾದ ಬೆಲೆ ಮತ್ತು ಚಿತ್ರ. ನಮ್ಮ ದೇಶದಲ್ಲಿ ಅಂಚೆ ಕಾರ್ಡು ಆರಂಭವಾದದ್ದು 1879ರ ಜುಲೈ 1ರಂದು. ಆಗಿನ ಬೆಲೆ ಕಾಲು ಆಣೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ವಿಕ್ಟೋರಿಯಾ ರಾಣಿಯ ತಲೆ ಇದ್ದರೆ ಕಾರ್ಡು 1901ರ ಆಸುಪಾಸಿಗೆ ಅಥವಾ ಅದಕ್ಕೂ ಹಿಂದಕ್ಕೆ ಹೋಗುತ್ತದೆ. ಏಳನೆಯ ಎಡ್ವರ್ಡ್ 1910ರವರೆಗೆ, ಐದನೆಯ ಜಾರ್ಜ್ 1936ರವರೆಗೆ, ಆಮೇಲೆ ಆರನೆಯ ಜಾರ್ಜ್. ಬೆಲೆ 9 ಪೈ, ಅಂದರೆ ಮುಕ್ಕಾಲು ಆಣೆ, ಎಂದಿದ್ದು ರಾಜನ ತಲೆ ಇಲ್ಲದಿದ್ದರೆ ಅದು ಸ್ವಾತಂತ್ರ್ಯದ ನಂತರದ್ದು. ದಶಮಾನ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. "ನಯಾ ಪೈಸೆ" ಎಂದು ಅಚ್ಚಾದ 5 ಪೈಸೆಯ ಕಾರ್ಡು ಆಗಿನದು. 1964ರ ಜೂನ್‌ನಿಂದ "ನಯಾ" ಎಂಬ ಮಾತು ಬಿಟ್ಟುಹೋಯಿತು. ಹುಲಿಯ ತಲೆಯ 15 ಪೈಸೆಯ ಕಾರ್ಡು ನಮ್ಮಲ್ಲಿ ಬಹಳ ಜನ ಕೈಯಾರೆ ಬರೆದದ್ದೇ. ಇಲ್ಲಿ ಒಂದು ಎಚ್ಚರಿಕೆ: ಹಳ್ಳಿಗಳಲ್ಲಿ ಕಾರ್ಡನ್ನು ಹಲವು ಒಟ್ಟಿಗೆ ಕೊಂಡಿಟ್ಟು ವರ್ಷಗಟ್ಟಲೆ ಬಳಸುತ್ತಿದ್ದರು. ಬೆಲೆ ಏರಿದಾಗ ಮೇಲೊಂದು ಅಂಚೆ ಚೀಟಿ ಅಂಟಿಸಿ ಕಳಿಸುತ್ತಿದ್ದರು. ಆದ್ದರಿಂದ ಅಚ್ಚಾದ ಬೆಲೆಯಿಂದ "ಇದಕ್ಕಿಂತ ಹಿಂದಿನದಲ್ಲ" ಎನ್ನಬಹುದೇ ಹೊರತು "ಇದೇ ವರ್ಷದ್ದು" ಎನ್ನಲು ಬರುವುದಿಲ್ಲ.

ಎರಡನೆಯದು ಪಿನ್ ಕೋಡ್. ಅದು 1972ರ ಆಗಸ್ಟ್ 15ರಂದು ಜಾರಿಗೆ ಬಂತು. ವಿಳಾಸದ ಜತೆ ಅದೇ ಕೈಬರಹದಲ್ಲಿ ಆರು ಅಂಕಿಗಳಿದ್ದರೆ ಕಾರ್ಡು ಅದಕ್ಕಿಂತ ಈಚಿನದು.

ಮೂರನೆಯದು ಸಂವತ್ಸರ. ಹಿರಿಯರು ಒಕ್ಕಣೆಯ ತಲೆಯಲ್ಲಿ ಇಂಗ್ಲಿಷ್ ತಾರೀಖು ಬರೆಯದೆ "ನಂದನ ಸಂವತ್ಸರ ಕಾರ್ತಿಕ ಶುದ್ಧ 5" ಎಂದು ಬರೆಯುತ್ತಿದ್ದರು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. 2025ರ ಯುಗಾದಿಗೆ ಆರಂಭವಾದದ್ದು ವಿಶ್ವಾವಸು. ಅದರ ಹಿಂದಿನ ವಿಶ್ವಾವಸು 1965, ಅದಕ್ಕೂ ಹಿಂದಿನದು 1905. ಹೀಗೆ ಎಣಿಸಿದರೆ ನಂದನ 1952ರ ಯುಗಾದಿಯಿಂದ 1953ರ ಯುಗಾದಿಯವರೆಗೆ. ಶಕ ವರ್ಷ ಬರೆದಿದ್ದರೆ 78 ಕೂಡಿಸಿ. ಕಾರ್ಡು ಜನವರಿಯಿಂದ ಯುಗಾದಿಯೊಳಗಿನದಾದರೆ 79 ಕೂಡಿಸಬೇಕು. ತಪ್ಪುವುದು ಹೆಚ್ಚಾಗಿ ಇಲ್ಲಿಯೇ: ಪುಷ್ಯ, ಮಾಘ, ಫಾಲ್ಗುಣದ ಕಾರ್ಡನ್ನು ಒಂದು ವರ್ಷ ಹಿಂದಕ್ಕೆ ತಳ್ಳಿಬಿಡುತ್ತಾರೆ.

ಹಂತ 4: ವಿಳಾಸ ಓದುವುದು

ಇಲ್ಲಿ ಅವಸರ ಬೇಡ. ನಮ್ಮ ಜಿಲ್ಲೆಗಳ ವಿಳಾಸಕ್ಕೆ ಒಂದು ಕಟ್ಟು ಇದೆ: ಮು., ಪೋ., ತಾ., ಜಿ. "ಮು." ಎಂದರೆ ಮುಕ್ಕಾಂ, ಅಂದರೆ ಮನುಷ್ಯ ಇರುವ ಊರು. "ಪೋ." ಎಂದರೆ ಅಂಚೆ ಕಚೇರಿ ಇರುವ ಊರು. "ಮು.ಪೋ." ಎಂದು ಕೂಡಿಸಿ ಒಂದೇ ಹೆಸರು ಬರೆದಿದ್ದರೆ ಆ ಊರಿನಲ್ಲಿಯೇ ಅಂಚೆ ಕಚೇರಿ ಇತ್ತು. "ಮು." ಒಂದು, "ಪೋ." ಇನ್ನೊಂದು ಆಗಿದ್ದರೆ ಆ ಊರಿಗೆ ಕಚೇರಿ ಇರಲಿಲ್ಲ, ಪಕ್ಕದ ಊರಿನಿಂದ ಟಪಾಲಿನವರು ನಡೆದೋ ಸೈಕಲ್ ಮೇಲೋ ಬರಬೇಕಾಗಿತ್ತು. ಒಂದೇ ಮನೆಗೆ ಬಂದ ಕಾರ್ಡುಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಿ. ಯಾವುದೋ ಒಂದು ವರ್ಷದಿಂದ "ಪೋ." ಬದಲಾಗಿ "ಮು.ಪೋ." ಆಗುತ್ತದೆ. ನಿಮ್ಮ ಊರಿಗೆ ಅಂಚೆ ಕಚೇರಿ ಬಂದದ್ದು ಸುಮಾರಾಗಿ ಆಗ.

"ಮಾರ್ಫತ್" ಎಂಬ ಪದದ ಮುಂದಿರುವ ಹೆಸರನ್ನು ಬೇರೆ ಪಟ್ಟಿಯಲ್ಲಿ ಬರೆದುಕೊಳ್ಳಿ. ಅದು ಯಾರ ಮೂಲಕ ತಲುಪಬೇಕು ಎಂಬುದನ್ನು ಹೇಳುತ್ತದೆ. ಅಂಗಡಿಕಾರರು, ಶಾಲೆಯ ಮಾಸ್ತರರು, ಮಠ, ಸೋಲಾಪುರದ ಗಿರಣಿಯ ಚಾಳು. ಅಜ್ಜ ದುಡಿಯಲು ಹೋದ ಊರಿನಲ್ಲಿ ಯಾರ ಆಸರೆ ಹಿಡಿದಿದ್ದರು ಎಂಬುದಕ್ಕೆ ಎಷ್ಟೋ ಮನೆಗಳಲ್ಲಿ ಇದೊಂದೇ ಸಾಕ್ಷಿ.

ಊರಿನ ಹೆಸರಿನಲ್ಲಿ ಮೋಸ ಹೋಗುವುದು ಸುಲಭ. "ಬಾಗೇವಾಡಿ" ಎಂದಷ್ಟೇ ಇದ್ದರೆ ಅದು ವಿಜಯಪುರದ ಬಸವನ ಬಾಗೇವಾಡಿಯೋ ಬೆಳಗಾವಿಯ ಹಿರೇಬಾಗೇವಾಡಿಯೋ ಎಂದು ಜಿಲ್ಲೆ ನೋಡಿಯೇ ಹೇಳಬೇಕು. ಬೆಳಗಾವಿ ಸುತ್ತ ಊರ ಹೆಸರಿನ ಮುಂದೆ "ಬಿ.ಕೆ.", "ಕೆ.ಎಚ್." ಎಂದಿರುತ್ತದೆ. ಬುದ್ರುಕ್ ಎಂದರೆ ಹಿರಿಯದು, ಖುರ್ದ್ ಎಂದರೆ ಕಿರಿಯದು. ಕಂಗ್ರಾಳಿ ಬಿ.ಕೆ. ಬೇರೆ, ಕಂಗ್ರಾಳಿ ಕೆ.ಎಚ್. ಬೇರೆ. ಈ ಎರಡು ಅಕ್ಷರ ಬಿಟ್ಟು ನಕಲು ಮಾಡಿಕೊಂಡರೆ ಬೇರೊಬ್ಬರ ಮನೆತನವನ್ನು ನಿಮ್ಮದೆಂದು ಹುಡುಕುತ್ತ ಕೂಡುತ್ತೀರಿ.

ತಾಲೂಕು, ಜಿಲ್ಲೆಗಳೂ ನಿಂತಲ್ಲಿ ನಿಂತಿಲ್ಲ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಮೊದಲಿನ ಕಾರ್ಡುಗಳಲ್ಲಿ ಬಾದಾಮಿ, ಹುನಗುಂದ, ಬೀಳಗಿ ಎಲ್ಲವೂ "ಜಿ. ವಿಜಾಪುರ". 1880ರ ದಶಕದ ನಡುವಿನವರೆಗೆ ಆ ಜಿಲ್ಲೆಗೆ ಕಲಾದಗಿ ಎಂದೇ ಹೆಸರು. ಇಳಕಲ್ಲನ್ನು ಹುನಗುಂದ ತಾಲೂಕಿನಲ್ಲಿ, ಗುಳೇದಗುಡ್ಡವನ್ನು ಬಾದಾಮಿಯಲ್ಲಿ, ರಬಕವಿ-ಬನಹಟ್ಟಿಯನ್ನು ಜಮಖಂಡಿಯಲ್ಲಿ, ನಿಪ್ಪಾಣಿಯನ್ನು ಚಿಕ್ಕೋಡಿಯಲ್ಲಿ ಹುಡುಕಬೇಕು. ಜಮಖಂಡಿ, ಮುಧೋಳ, ರಾಮದುರ್ಗ 1948ರವರೆಗೆ ಸಂಸ್ಥಾನಗಳು. ಉಳಿದ ಭಾಗ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ. ಒಂದರಲ್ಲಿ ಕಾರ್ಡಿನಲ್ಲಿರುವಂತೆಯೇ ಬರೆಯಿರಿ, ಇನ್ನೊಂದರಲ್ಲಿ ಇಂದಿನ ತಾಲೂಕು, ಜಿಲ್ಲೆ. "ಬೆಳಗಾಂವ" ಎಂದಿದ್ದುದನ್ನು "ಬೆಳಗಾವಿ" ಎಂದು ತಿದ್ದಿ ಬರೆಯಬೇಡಿ.

ಕೃಷ್ಣಾ ದಂಡೆಯ ಓದುಗರಿಗೆ ಇನ್ನೊಂದು ಮಾತು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳು ಇಂದು ಪುನರ್ವಸತಿ ಕೇಂದ್ರಗಳಾಗಿ ಬೇರೆ ಜಾಗದಲ್ಲಿವೆ. ಹೆಸರು ಅದೇ, ನೆಲ ಬೇರೆ. ಕಾರ್ಡಿನಲ್ಲಿರುವ "ಹೊಳಿದಂಡಿ ಓಣಿ", "ಅಗಸಿ ಹತ್ತಿರ" ಎಂಬ ಗುರುತು ಇಂದಿನ ಊರಿನಲ್ಲಿ ಸಿಗುವುದಿಲ್ಲ. ಹಳೆಯ ಊರಿನಲ್ಲಿ ಬೆಳೆದವರು ಇರುವಾಗಲೇ ಅವರ ಹತ್ತಿರ ಕೂತು, ಓಣಿಗಳ ನಕ್ಷೆಯನ್ನು ಕೈಯಲ್ಲಿ ಬರೆಸಿಕೊಳ್ಳಿ. ಇದನ್ನು ಮುಂದಿನ ವರ್ಷಕ್ಕೆ ತಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಹಂತ 5: ಮುದ್ರೆಗಳಿಂದ ದಾರಿ ಹಿಡಿಯುವುದು

ಸಾಮಾನ್ಯವಾಗಿ ಒಂದು ಕಾರ್ಡಿಗೆ ಎರಡು ಮುದ್ರೆ: ಹಾಕಿದ ಊರಿನದು, ಮುಟ್ಟಿದ ಊರಿನದು. ಅಂಚೆ ಇಲಾಖೆಯ ಮೆಟ್ಟಿಲು ಹೀಗಿದೆ. ಮೇಲೆ ಹೆಡ್ ಆಫೀಸು ಅಂದರೆ ಪ್ರಧಾನ ಅಂಚೆ ಕಚೇರಿ, ಅದರ ಕೆಳಗೆ ಸಬ್ ಆಫೀಸು, ಅದರ ಕೆಳಗೆ ಹಳ್ಳಿಯ ಬ್ರಾಂಚ್ ಆಫೀಸು ಅಂದರೆ ಶಾಖಾ ಕಚೇರಿ. ಶಾಖಾ ಕಚೇರಿ ಎಷ್ಟೋ ಊರುಗಳಲ್ಲಿ ಒಬ್ಬರ ಮನೆಯ ಪಡಸಾಲೆಯೇ ಆಗಿತ್ತು. ನಡೆಸುತ್ತಿದ್ದವರು ಪೂರ್ಣಾವಧಿ ನೌಕರರಲ್ಲ. ಇಂದು ಅವರನ್ನು ಗ್ರಾಮೀಣ ಡಾಕ್ ಸೇವಕರು ಎನ್ನುತ್ತಾರೆ. "ಆರ್‌ಎಂಎಸ್" ಎಂಬ ಮುದ್ರೆ ಇದ್ದರೆ ಕಾರ್ಡನ್ನು ರೈಲ್ವೆ ಅಂಚೆ ಸೇವೆಯವರು ವಿಂಗಡಿಸಿದ್ದಾರೆ ಎಂದರ್ಥ.

ನನ್ನ ಬಳಿ ಇರುವ ಒಂದು ಕಾರ್ಡನ್ನೇ ನೋಡೋಣ. ಸೋಲಾಪುರದಿಂದ ಹುನಗುಂದ ತಾಲೂಕಿನ ಹಳ್ಳಿಗೆ ಬಂದದ್ದು, ಬೆಲೆ 9 ಪೈ. ಒಕ್ಕಣೆಯ ಮೇಲೆ "ನಂದನ ಸಂವತ್ಸರ ಕಾರ್ತಿಕ ಶುದ್ಧ 5 ಗುರುವಾರ". ಅದು 1952ರ ಅಕ್ಟೋಬರ್ 23, ದೀಪಾವಳಿಯಾಗಿ ಕೆಲವೇ ದಿನ. ಸೋಲಾಪುರದ ಮುದ್ರೆ 24ರದು. ವಿಳಾಸದಲ್ಲಿ "ಮು." ಒಂದು ಸಣ್ಣ ಹಳ್ಳಿ, "ಪೋ. ಅಮೀನಗಡ". ಅಮೀನಗಡದ ಮುದ್ರೆ 27, ಸೋಮವಾರ. ಹೋಟಗಿ, ವಿಜಾಪುರ, ಬಾಗಲಕೋಟೆ ಎಂದು ಆಗಿನ ಸಣ್ಣ ಹಳಿಯ ರೈಲಿನ ದಾರಿ, ಅಲ್ಲಿಂದ ಮುಂದೆ ರಸ್ತೆ. ಆದರೆ ಹಳ್ಳಿಯ ಮನೆಗೆ ಯಾವ ದಿನ ಮುಟ್ಟಿತು? ಅದಕ್ಕೆ ಮುದ್ರೆ ಇಲ್ಲ. ಕಚೇರಿ ಇಲ್ಲದ ಊರುಗಳಿಗೆ ಟಪಾಲಿನವರು ದಿನವೂ ಬರುತ್ತಿರಲಿಲ್ಲ, ಗೊತ್ತಾದ ವಾರದಂದು ಬರುತ್ತಿದ್ದರು. ಒಕ್ಕಣೆಯಲ್ಲಿ "ಪಂಚಮಿಯ ಮುಂದಿನ ಸೋಮವಾರ ಊರಿಗೆ ಬರುತ್ತೇನೆ, ಬಂಡಿ ಕಳಿಸಿರಿ" ಎಂದಿದೆ. ಬರೆದವರು ಬರುವ ದಿನವೇ ಕಾರ್ಡು ಅಮೀನಗಡಕ್ಕೆ ಬಂದಿದೆ. ಬಂಡಿ ಹೋಗಿರಲಾರದು, ಅವರು ನಡೆದೇ ಊರು ಸೇರಿರಬೇಕು. ಒಕ್ಕಣೆಯೊಂದನ್ನೇ ಓದಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ.

ಸೈನ್ಯದಲ್ಲಿದ್ದವರ ಕಾರ್ಡುಗಳ ರೀತಿ ಬೇರೆ. ಮರಾಠಾ ಲಘು ಪದಾತಿದಳದ ಕೇಂದ್ರ ಬೆಳಗಾವಿಯಲ್ಲಿರುವುದರಿಂದ ಈ ಭಾಗದ ಅನೇಕ ಮನೆಗಳಲ್ಲಿ ಇಂಥವು ಸಿಗುತ್ತವೆ. "ಎಫ್‌ಪಿಒ" ಮತ್ತು ಒಂದು ಸಂಖ್ಯೆ ಇದ್ದರೆ ಅದು ರಣರಂಗದ ಅಂಚೆ ಕಚೇರಿ. "56 ಎಪಿಒ" ಎಂಬುದು ಊರಲ್ಲ, ಸೈನ್ಯದ ಅಂಚೆಯ ಸಾಮಾನ್ಯ ವಿಳಾಸ. ಅದರಿಂದ ಮನುಷ್ಯ ಎಲ್ಲಿದ್ದರು ಎಂದು ನಿರ್ಧರಿಸಲು ಹೋಗಬೇಡಿ.

ಅಂಚೆ ಕಚೇರಿಗೆ ಹೋಗಿ "ಅಜ್ಜನಿಗೆ ಬಂದ ಕಾರ್ಡುಗಳ ದಾಖಲೆ ಕೊಡಿ" ಎಂದು ಕೇಳುವವರಿದ್ದಾರೆ. ಸಾಮಾನ್ಯ ಕಾರ್ಡು ಯಾವ ಪುಸ್ತಕದಲ್ಲೂ ನಮೂದಾಗುವುದಿಲ್ಲ. ಆದರೆ ಊರಿನ ಹಳೆಯ ಟಪಾಲಿನವರ ಮನೆಯವರನ್ನು ಮಾತನಾಡಿಸಿದರೆ ಯಾವ ಮನೆಗೆ ಎಲ್ಲಿಂದ ಕಾಗದ, ಮನಿಯಾರ್ಡರ್ ಬರುತ್ತಿತ್ತು ಎಂಬ ನೆನಪು ಸಿಗಬಹುದು. ಕಟ್ಟಿನಲ್ಲಿ ಮನಿಯಾರ್ಡರಿನ ತುಂಡು ಚೀಟಿಗಳು ಸಿಕ್ಕರೆ ಎಸೆಯಬೇಡಿ. ಮೊತ್ತ, ತಾರೀಖು, ಕಳಿಸಿದವರ ಹೆಸರು ಮೂರೂ ಅಲ್ಲಿರುತ್ತವೆ.

ಹಂತ 6: ಒಕ್ಕಣೆ ಓದುವುದು

ಮೊದಲ ತೊಡಕು ಲಿಪಿ. ಮುಂಬಯಿ ಆಡಳಿತದ ಕಾಲದಲ್ಲಿ ನಮ್ಮ ಕಡೆ ಬರೆಯಲು ಕಲಿತ ಎಷ್ಟೋ ಕನ್ನಡಿಗರಿಗೆ ಮರಾಠಿಯ ಮೋಡಿ ಲಿಪಿಯೂ ಬರುತ್ತಿತ್ತು. ಲೇಖನಿ ಎತ್ತದೆ ಅಕ್ಷರ ಕೂಡಿಸಿ ಬರೆಯುವ ಲಿಪಿ ಅದು. ಓಟದ ಕೈಯಲ್ಲಿ ಬರೆದ ಕನ್ನಡಕ್ಕೂ ನಾವು ಮೋಡಿ ಎನ್ನುತ್ತೇವೆ. ತಲೆಯ ಮೇಲೆ ಸಾಲಿನುದ್ದಕ್ಕೂ ಗೆರೆ ಇದ್ದರೆ ಅದು ಮರಾಠಿ ಮೋಡಿ. ಓದಬಲ್ಲವರಿಗೆ ಮೂಲ ಕಾರ್ಡು ಕೊಟ್ಟು ಬರಬೇಡಿ, ಚಿತ್ರ ಕೊಡಿ.

ಎರಡನೆಯದು ಕುಗ್ಗಿಸಿ ಬರೆದ ಮಾತುಗಳು. "ತೀ." ತೀರ್ಥರೂಪ, ತಂದೆಗೆ ಅಥವಾ ತಂದೆಯ ಸಮಾನರಿಗೆ. "ಚಿ." ಚಿರಂಜೀವಿ, ಕಿರಿಯರಿಗೆ. "ಸೌ." ಮುತ್ತೈದೆಗೆ, "ಗಂ.ಭಾ." ವಿಧವೆಗೆ. ಒಬ್ಬ ಅಜ್ಜಿಯ ಹೆಸರಿನ ಹಿಂದೆ ಒಂದು ವರ್ಷ "ಸೌ." ಇದ್ದು ಇನ್ನೊಂದು ವರ್ಷ "ಗಂ.ಭಾ." ಆದರೆ, ಅಜ್ಜ ತೀರಿಕೊಂಡದ್ದು ಆ ಎರಡು ಕಾರ್ಡುಗಳ ನಡುವೆ. ಇದಕ್ಕೆ ಬೇರೆ ಸಾಕ್ಷಿ ಸಿಗದಿರುವುದಕ್ಕೂ ಕಾರಣವಿದೆ. ಸಾವಿನ ಸುದ್ದಿಯ ಕಾರ್ಡನ್ನು ಓದಿದೊಡನೆ ಹರಿದುಹಾಕುತ್ತಿದ್ದರು, ಮನೆಯಲ್ಲಿ ಇಡುತ್ತಿರಲಿಲ್ಲ. ಮದುವೆ, ಬಾಣಂತನದ ಕಾರ್ಡುಗಳು ಉಳಿದು, ಸಾವಿನವು ಕಾಣದಿದ್ದರೆ ಕಟ್ಟು ಅಪೂರ್ಣ ಎಂದು ಚಿಂತಿಸಬೇಡಿ.

ಸಂಬಂಧವಾಚಕಗಳಲ್ಲಿ ಇನ್ನೂ ಜಾಗ್ರತೆ ಬೇಕು. ಕೂಡು ಕುಟುಂಬದಲ್ಲಿ ಮಕ್ಕಳು ತಂದೆಯನ್ನೇ "ಅಣ್ಣ" ಅಥವಾ "ಕಾಕಾ" ಎಂದು ಕರೆಯುತ್ತಿದ್ದುದುಂಟು. "ಮಾವ" ಎಂದರೆ ಸೋದರಮಾವನೂ ಆಗಬಹುದು, ಹೆಣ್ಣು ಕೊಟ್ಟವರೂ ಆಗಬಹುದು. ನಮ್ಮಲ್ಲಿ ಒಬ್ಬರೇ ಎರಡೂ ಆಗಿರುವುದು ಸಾಮಾನ್ಯ. ಅಡ್ಡಹೆಸರೂ ನೆಚ್ಚುವಂಥದ್ದಲ್ಲ. ಅದೇ ಮನುಷ್ಯರು ಒಂದು ಕಾರ್ಡಿನಲ್ಲಿ ಗೌಡರು, ಇನ್ನೊಂದರಲ್ಲಿ ಪಾಟೀಲರು. ಕೈಬರಹದಿಂದಲೂ ತೀರ್ಮಾನಕ್ಕೆ ಬರಬೇಡಿ. ಓದು ಬಾರದವರಿಗೆ ಮಾಸ್ತರರೋ ಟಪಾಲಿನವರೋ ಬರೆದುಕೊಡುತ್ತಿದ್ದರು. ಮೂರು ಮನೆಗಳ ಕಾಗದಗಳಲ್ಲಿ ಒಂದೇ ಅಕ್ಷರ ಕಂಡರೆ ಅದು ಆ ಬರೆದುಕೊಟ್ಟವರದು.

ಹಂತ 7: ಬೇರೆ ದಾಖಲೆಗಳ ಜತೆ ಹೊಂದಿಸುವುದು

ಕಾರ್ಡಿನಿಂದ ಸಿಕ್ಕ ಹೆಸರು, ಊರು, ವರ್ಷಗಳನ್ನು ಒಯ್ದು ಹೊಲದ ಉತಾರ ಅಂದರೆ ಪಹಣಿ, ವಾರಸಾ ನಮೂದು, ಊರ ಶಾಲೆಯ ದಾಖಲಾತಿ ಪುಸ್ತಕಗಳಲ್ಲಿ ನೋಡಿ. 1884ರಲ್ಲಿ ಅಚ್ಚಾದ ಮುಂಬಯಿ ಗೆಜೆಟಿಯರಿನ ಬೆಳಗಾವಿ ಮತ್ತು ವಿಜಾಪುರ ಸಂಪುಟಗಳಲ್ಲಿ ಆಗಿನ ಊರುಗಳ, ಅಂಚೆ ವ್ಯವಸ್ಥೆಯ ವಿವರ ಇದೆ.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಆಸರೆ ಹೆಳವರು. ಎತ್ತಿನ ಮೇಲೆ ಬಂದು ಗಂಟೆ ಬಾರಿಸಿ ಮನೆತನದ ವಂಶಾವಳಿ ಹೇಳುವ ಇವರ ಪುಸ್ತಕದಲ್ಲಿ ತಲೆಮಾರುಗಳ ಹೆಸರು, ಮೂಲ ಊರು, ಒಡೆದ ಕವಲುಗಳು ಇರುತ್ತವೆ. ಕಾರ್ಡಿನಲ್ಲಿ ಇಲ್ಲದ್ದು ಅಲ್ಲಿದೆ, ಅಲ್ಲಿ ಇಲ್ಲದ ತಾರೀಖು, ವಿಳಾಸ ಕಾರ್ಡಿನಲ್ಲಿದೆ. ನಿಮ್ಮ ಮನೆತನಕ್ಕೆ ಬರುವ ಹೆಳವರು ಯಾರೆಂದು ಊರ ಹಿರಿಯರನ್ನು ಕೇಳಿ. ಸುಗ್ಗಿಯ ಹೊತ್ತಿಗೆ ಅವರು ಬಂದಾಗ ಕಾಳು, ಕಾಣಿಕೆ ಕೊಟ್ಟು ಗೌರವದಿಂದ ಕೂರಿಸಿ, ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಳ್ಳಿ.

ಹಂತ 8: ಇಡುವುದು, ಹಂಚುವುದು

ಲ್ಯಾಮಿನೇಷನ್ ಮಾಡಿಸಬೇಡಿ. ಅದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಸೆಲ್ಲೋಟೇಪ್, ರಬ್ಬರ್ ಬ್ಯಾಂಡ್, ಪಿನ್ನು, ಅಂಗಡಿಯ ಪಿವಿಸಿ ಆಲ್ಬಮ್ ಇವು ಯಾವುವೂ ಬೇಡ. ಕಾಗದದ ಲಕೋಟೆಗಳನ್ನು ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಗೋಡೆಗೆ ತಾಗದಂತೆ, ನೆಲದಿಂದ ಎತ್ತರಕ್ಕೆ ಇಡಿ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ತೆರೆದು ಗೆದ್ದಲು, ಹುಳ ನೋಡಿ. ಬೇವಿನ ಎಲೆ ಇಡುವುದಾದರೆ ಪೆಟ್ಟಿಗೆಯ ಹೊರಗೆ ಇಡಿ, ಕಾರ್ಡಿಗೆ ತಾಗಿದರೆ ಕಲೆಯಾಗುತ್ತದೆ.

ಫೋಟೋಗಳನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಮೊದಲು ಒಮ್ಮೆ ಪೂರ್ತಿ ಓದಿ. ಹೊಲದ ಪಾಲು, ಸಾಲ, ಮುರಿದ ಸಂಬಂಧಗಳ ಮಾತು ಇದ್ದೀತು. ಅದರಲ್ಲಿ ಹೆಸರಿರುವವರ ಮಕ್ಕಳು ಇನ್ನೂ ಅದೇ ಓಣಿಯಲ್ಲಿದ್ದಾರೆ.

ಇಷ್ಟಾದ ಮೇಲೂ ನಿಮ್ಮ ಕೈಯಲ್ಲಿರುವುದು ಅರ್ಧ ಮಾತ್ರ. ತಂತಿಯಲ್ಲಿ ಇರುವುದು ನಿಮ್ಮ ಮನೆಗೆ ಬಂದ ಕಾರ್ಡುಗಳು. ನಿಮ್ಮ ಅಜ್ಜ ಬರೆದವು ಇಲ್ಲಿಲ್ಲ, ಅವು ಇನ್ನೊಬ್ಬರ ಮನೆಯ ಜಂತಿಯಲ್ಲಿವೆ. ಕಳಿಸಿದವರ ಹೆಸರು, ಊರುಗಳ ಪಟ್ಟಿ ನಿಮ್ಮ ನೋಟ್‌ಬುಕ್ಕಿನಲ್ಲಿ ಈಗಾಗಲೇ ಆಗಿದೆ. ಅತಿ ಹೆಚ್ಚು ಕಾರ್ಡು ಬಂದ ಊರನ್ನು ಮೊದಲು ಆರಿಸಿ. ಅವರ ಹಿರಿಯರು ಬರೆದ ಕಾರ್ಡುಗಳನ್ನು ಎರಡೂ ಬದಿ ಅಚ್ಚು ಹಾಕಿಸಿಕೊಂಡು ಬಸ್ ಹತ್ತಿ. ಮನೆ ಹುಡುಕಿ, ಕೂತು, ಅವರ ಅಜ್ಜನ ಅಕ್ಷರವನ್ನು ಅವರ ಕೈಗೆ ಕೊಡಿ. ಅವರ ಮನೆಯ ತಂತಿ ಎಲ್ಲಿದೆ ಎಂದು ಆಮೇಲೆ ಕೇಳಿ.